ಇನ್ನೂರ ತೊಂಬತ್ತೊಂದು ಕಿಲೋಮೀಟರು

ಪ್ರಿಯ ಉಸ್ಮಾನ,

ಅದಕ್ಕೇ ಮೂರನೆಯ ನಮೂನೆಯದೇ ಮನೆಗೆ ಸರಿ ಅಂತ ನಿನ್ನೆ ನೀನು ಹೇಳುತ್ತಿದ್ದೆ, ಅಷ್ಟರಲ್ಲಿ ಲಾರಿ ಬಂದು ನಿಂತಿತು. ನೀನು ಅದರ ಕೆಳಗೆ ತೂರಿಕೊಂಡೆ, ನಾನು ಕೊಡೆ ಎತ್ತಿಕೊಂಡು ಮನೆಗೆ ನಡೆದೆ. ಮಾತು ಅರ್ಧಕ್ಕೆ ಉಳಿಯಿತು. ಖರೇ ಹೇಳಬೇಕೆಂದರೆ, ನಾನು ಹೇಳಲು ಬಂದ ಮಾತು ಶುರುವೇ ಆಗಿರಲಿಲ್ಲ. ಗಾಡಿಯ ದೋಷ ಓದುವ ಯಂತ್ರ ಯಾವುದು ತಗೊಳ್ಳಲಿ ಎಂದು ನಿನ್ನೆ ಕೇಳಿದೆನಲ್ಲ, ಅದನ್ನು ತಗೊಂಡು ಹತ್ತು ದಿನವಾಯಿತು. ಈಗ ನನ್ನ ತೊಡೆಯ ಮೇಲೇ ಇದೆ. ಗಾಡಿ ಅಂಗಳದಲ್ಲಿದೆ, ನಾನು ಗಾಡಿಯೊಳಗಿದ್ದೇನೆ, ಸ್ಟೇರಿಂಗಿನ ಮೇಲೆ ಅಂಗಡಿಯ ಪ್ಯಾಡು ಇಟ್ಟು ಬರೆಯುತ್ತಿದ್ದೇನೆ. ಎದುರಿಗೆ ನಿಂತರೆ ನನಗೆ ಬಾಯಿ ಬರುವುದಿಲ್ಲ ಎಂದು ನಿನ್ನೆ ಗೊತ್ತಾಯಿತು. ನೀನು ಸವಣೂರಿನ ಶಾಲೆಯಲ್ಲಿ ಏಳನೆಯವರೆಗೆ ಕನ್ನಡ ಓದಿದವನು, ಓದಿಕೊಳ್ಳುತ್ತೀ.

ಒಂದು ತಿಂಗಳ ಹಿಂದೆ ನಿನ್ನ ಗ್ಯಾರೇಜಿನ ಎದುರು, ಹುಲಿಗೆಪ್ಪನ ಚಹಾದಂಗಡಿಯಲ್ಲಿ ಕೂತ ನಾಲ್ಕು ಜನ ಕೇಳುವಂತೆ, ನಾನು ನಿನ್ನನ್ನು ಕಳ್ಳ ಅಂದೆ. "ಜಡ್ಡಾದ ಹೆಂಗಸನ್ನ ದವಾಖಾನಿಗೆ ಒಯ್ಯೋ ಗಾಡ್ಯಾಗೂ ಮೋಸ ಮಾಡಿದೆಲ್ಲೋ" ಅಂದೆ. ಗೋವಾದ ಈ ವಾಳಪೈ ಪೇಟೆಯಲ್ಲಿ ಮೂವತ್ತೆಂಟು ವರ್ಷ ಬಟ್ಟೆ ಅಂಗಡಿ ಇಟ್ಟವನ ಮಾತು, ನಾಲ್ಕು ಜನ ನಂಬಿಯೇ ನಂಬುತ್ತಾರೆ. ನೀನು ಚಿಂದಿಯಿಂದ ಕೈ ಒರಸಿಕೊಂಡೆ. "ಸಾಹುಕಾರ್ರ, ಈ ಗಾಡಿ ಇನ್ನ ಬ್ಯಾರೆ ಕಡೆ ತೋರಸ್ರಿ. ನಾ ಇದಕ್ಕ ಕೈ ಹಚ್ಚಂಗಿಲ್ಲ" ಎಂದು ಅಷ್ಟೇ ಹೇಳಿದೆ. ನೀನು ತಿರುಗಿ ಬೈದಿದ್ದರೆ ನನಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು. ಆಮೇಲೆ ಇಬ್ಬರು ಟ್ಯಾಕ್ಸಿಯವರು ತಮ್ಮ ಗಾಡಿ ಬೇರೆ ಕಡೆ ಒಯ್ದರಂತೆ. ಅದನ್ನು ಹುಲಿಗೆಪ್ಪನೇ ಹೇಳಿದ, ನನ್ನ ಮುಖ ನೋಡದೆ.

ನಾನು ಹಾಗೆ ಅಂದದ್ದಕ್ಕೆ ನನ್ನ ಮಟ್ಟಿಗೆ ಒಂದು ಕಾರಣವಿತ್ತು. ನನ್ನ ಹೆಂಡತಿ ಗಿರಿಜೆಯ ದಿವಸದ ಕಾರ್ಯ ಮುಗಿಸಿ ಬೆಳಗಾವಿಯಿಂದ ಬರುವಾಗ ಚೋರ್ಲಾ ಘಾಟಿನಲ್ಲಿ ಆ ಹಳದಿ ದೀಪ ಮತ್ತೆ ಹತ್ತಿತು. ನೀನೇ ಆರಿಸಿಕೊಟ್ಟಿದ್ದ ಎಂಜಿನ್ ದೀಪ. ಡಿಚೋಲಿಯಲ್ಲಿ ಒಬ್ಬ ಮೆಕ್ಯಾನಿಕನಿಗೆ ತೋರಿಸಿದೆ. ಅವನು ತನ್ನ ಯಂತ್ರ ಚುಚ್ಚಿ ನೋಡಿ, ಇದು ಹಳೆಯ ದೋಷ, ರಿಪೇರಿಯೇ ಆಗಿಲ್ಲ, ಯಾರೋ ಬರೇ ದೀಪ ಅಳಿಸಿದ್ದಾರೆ ಎಂದು ಕೊಂಕಣಿಯಲ್ಲಿ ನಕ್ಕ. ಆ ನಗು ಹೊತ್ತುಕೊಂಡು ನೇರ ನಿನ್ನಲ್ಲಿಗೆ ಬಂದೆ.

ಬೈದು ಬಂದ ಮೇಲೆ ನನ್ನ ವ್ಯಾಪಾರದ ಬುದ್ಧಿ ಎದ್ದಿತು. ಬೆಳಗಾವಿಯಿಂದ ಬಂದ ಬಟ್ಟೆಯ ಥಾನನ್ನು ನಮ್ಮ ಅಳತೆಯ ಕೋಲಿನಿಂದ ಇನ್ನೊಮ್ಮೆ ಅಳೆಯದೆ ನಾನು ಕಪಾಟಿಗೆ ಇಟ್ಟವನಲ್ಲ. ಕಳಿಸಿದವನು ಸಾಕ್ಷಾತ್ ನಮ್ಮಪ್ಪನೇ ಇದ್ದರೂ ಅಳೆಯುತ್ತಿದ್ದೆ. ಹಾಗಾದರೆ ಡಿಚೋಲಿಯವನ ಮಾತನ್ನು ಮಾತ್ರ ಅಳೆಯದೆ ಹೇಗೆ ತಗೊಂಡೆ? ನನ್ನದೇ ಒಂದು ಕೋಲು ಬೇಕು ಅನ್ನಿಸಿತು. ನಿನ್ನ ಮೋಸವನ್ನು ನನ್ನ ಕಣ್ಣಿನಿಂದ ಓದಬೇಕು ಎಂಬ ಹಟವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಪಣಜಿಯ ಅಂಗಡಿಯವನು ಮೂರು ನಮೂನೆ ತೋರಿಸಿದ. ಹೌದು, ಬಸ್ಸಿನಲ್ಲಿ ಹೋಗಿದ್ದೆ, ಗಾಡಿ ತೆಗೆಯಲಿಲ್ಲ. ಮೊದಲನೆಯದು ಹೆಬ್ಬೆರಳಿನಷ್ಟು, ವಯರಿಲ್ಲ, ಗಾಡಿಗೆ ಚುಚ್ಚಿದರೆ ಫೋನಿನ ಜೊತೆ ಮಾತಾಡುತ್ತದೆ. ತಮ್ಮನ ಮಗ ಗುರುಪಾದ ಅದನ್ನೇ ತಗೋ ಎಂದಿದ್ದ. ನನ್ನ ಫೋನು ನನ್ನ ಜೊತೆಯೇ ನೆಟ್ಟಗೆ ಮಾತಾಡುವುದಿಲ್ಲ, ಗಾಡಿಯ ಜೊತೆ ಏನು ಮಾತಾಡೀತು. ಎರಡನೆಯದಕ್ಕೆ ವಯರಿತ್ತು, ಆದರೆ ಬರೇ ದೋಷದ ನಂಬರು ತೋರಿಸುತ್ತದೆ. ಊರಿನ ಹೆಸರಿಲ್ಲದೆ ನಂಬರು ಮಾತ್ರ ಇರುವ ಬಸ್ಸಿನ ಬೋರ್ಡಿದ್ದಂತೆ. ಮೂರನೆಯದು ನಂಬರಿನ ಜೊತೆ ಪೂರ್ತಿ ವಾಕ್ಯ ತೋರಿಸುತ್ತದೆ, ಎಂಜಿನ್ನಿನ ಬೇರೆ ಮಾಹಿತಿಯನ್ನೂ ಓದುತ್ತದೆ. ನಿನ್ನಲ್ಲಿರುವ ಹಲಗೆಯಂಥ ದೊಡ್ಡದು ಮನೆಯವರಿಗೆ ಬೇಕಿಲ್ಲ ಅಂದ. ನಿನ್ನೆ ನೀನೂ ಅದನ್ನೇ ಅಂದೆ, ನೆನಪಿದೆಯಾ: "ಮನ್ಯಾಗ ಓದಾಕಷ್ಟ ಬೇಕ್ರಿ. ರಿಪೇರಿ ಮಾಡೋದು ಯಂತ್ರ ಅಲ್ಲ, ಕೈ." ಕಳ್ಳ ಅಂದವನಿಗೆ ನೀನು ಇಷ್ಟು ಸಮಾಧಾನದಿಂದ ಬುದ್ಧಿ ಹೇಳಿದೆಯಲ್ಲ, ಅಲ್ಲಿಯೇ ನನ್ನ ಬಾಯಿ ಕಟ್ಟಿತು.

ಸ್ಟೇರಿಂಗಿನ ಕೆಳಗೆ ಅದನ್ನು ಚುಚ್ಚುವ ಜಾಗ ಹುಡುಕಲು ಅರವತ್ತಾರರ ಮೊಣಕಾಲು ಊರಿ ಅರ್ಧ ತಾಸು ಒದ್ದಾಡಿದೆ. ಕೊನೆಗೆ ಪರದೆ ಹತ್ತಿತು. ಪಿ ಸೊನ್ನೆ ನಾಲ್ಕು ಎರಡು ಸೊನ್ನೆ. ಕೆಟಲಿಸ್ಟ್ ಸಿಸ್ಟಮ್ ಎಫಿಶಿಯನ್ಸಿ ಬಿಲೋ ಥ್ರೆಶೋಲ್ಡ್. ಧಾರವಾಡದ ಕಾಲೇಜಿನಲ್ಲಿ ಎರಡು ವರ್ಷ ಕಲಿತ ಇಂಗ್ಲಿಷಿನಲ್ಲಿ ಥ್ರೆಶೋಲ್ಡ್ ಅಂದರೆ ಹೊಸ್ತಿಲು ಎಂಬುದು ಹೇಗೋ ಉಳಿದಿತ್ತು. ಕೆಟಲಿಸ್ಟ್ ಕೆಮಿಸ್ಟ್ರಿಯಲ್ಲಿ ಬರುತ್ತಿತ್ತು, ಆ ಮೇಷ್ಟರ ಮುಖ ನೆನಪಿದೆ, ಪಾಠವಿಲ್ಲ. ಜೊತೆಗೆ ಬಂದ ಪುಸ್ತಿಕೆ ಓದಿ ತಿಳಿದದ್ದು ಇಷ್ಟು: ಸೈಲೆನ್ಸರಿನ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಒಂದು ಡಬ್ಬಿ ಸೋತಿದೆ. ಮುಂದೆಂದಾದರೂ ಬದಲಿಸಬೇಕು, ಆದರೆ ಅದರಿಂದ ಗಾಡಿ ದಾರಿಯಲ್ಲಿ ನಿಲ್ಲುವುದಿಲ್ಲ. "ದಾರ್‍ಯಾಗ ನಿಲ್ಲಂಗಿಲ್ರಿ, ಅದಕ್ಕ ನಾ ಜಾಮೀನು" ಎಂದು ನೀನು ಮೊದಲ ದಿನ ಹೇಳಿದ್ದು ಅದನ್ನೇ.

ಆಮೇಲೆ ಸುಮ್ಮನೆ ಬಟನ್ ಒತ್ತುತ್ತ ಹೋದೆ, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಥಾನು ಬಿಚ್ಚಿ ಸುತ್ತುವಂತೆ. ಒಂದು ಸಾಲು ಬಂತು. ಡಿಸ್ಟೆನ್ಸ್ ಸಿನ್ಸ್ ಕೋಡ್ಸ್ ಕ್ಲಿಯರ್ಡ್. ದೀಪ ಅಳಿಸಿದ ಮೇಲೆ ಗಾಡಿ ಓಡಿದ ದೂರ. ಇನ್ನೂರ ತೊಂಬತ್ತೊಂದು ಕಿಲೋಮೀಟರು.

ನಾನು ಯಂತ್ರವೇ ಕೆಟ್ಟಿದೆ ಅಂದುಕೊಂಡೆ. ನೀನು ದೀಪ ಆರಿಸಿದ್ದು ಮಳೆಗಾಲಕ್ಕೆ ಮುಂಚೆ. ಅಲ್ಲಿಂದ ಹನ್ನೊಂದು ಸೋಮವಾರ ಅವಳನ್ನು ಪಣಜಿಯ ಆಸ್ಪತ್ರೆಗೆ ಕರೆದೊಯ್ದಿದ್ದೇನೆ. ಸಾವಿರ ದಾಟಬೇಕಿತ್ತು. ಪೆನ್ನು ತಗೊಂಡು ಹಿಂದಿನಿಂದ ಕೂಡಿಸಿದೆ. ನಿನ್ನಲ್ಲಿಗೆ ಬೈಯಲು ಬಂದು ಹೋದದ್ದು ಮೂರು. ಡಿಚೋಲಿ ಐವತ್ತು. ಬೆಳಗಾವಿ ನೂರ ನಲವತ್ತಾರು. ಉಳಿದದ್ದು ತೊಂಬತ್ತೆರಡು. ಅದು ಪಣಜಿಗೆ ಒಂದೇ ಸಲ ಹೋಗಿ ಬರುವ ದಾರಿ. ಅವಳು ಪಕ್ಕದಲ್ಲಿ ಕೂತು ಹೋದ, ನಾನೊಬ್ಬನೇ ತಿರುಗಿ ಬಂದ ಕೊನೆಯ ಸೋಮವಾರ.

ಅಂದರೆ ಅದರ ಹಿಂದಿನ ದಿನ, ಭಾನುವಾರ, ಯಾರೋ ದೀಪ ಅಳಿಸಿದ್ದರು. ಭಾನುವಾರ ಸಂಜೆ ನಮ್ಮ ಅಂಗಳಕ್ಕೆ ಬರುತ್ತಿದ್ದವನು ನೀನೊಬ್ಬನೇ. "ಟೈರಿನ ಗಾಳಿ ನೋಡಾಕ ಬಂದ್ನಿರಿ" ಅನ್ನುತ್ತಿದ್ದೆ. ಪ್ರತಿ ಭಾನುವಾರ ಯಾವ ಟೈರಿನ ಗಾಳಿ ಇಳಿಯುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ ನೋಡು. ನಾನು ಅಂಗಡಿಯ ಬಾಗಿಲು ಹಾಕಿ ಬರುವುದರೊಳಗೆ ಅವಳು ಕಟ್ಟೆಯ ಮೇಲೆ ಕೂತು ನಿನಗೆ ಚಹಾ ಕೊಟ್ಟಿರುತ್ತಿದ್ದಳು. ನಾನು ಬಂದ ಕೂಡಲೇ ಇಬ್ಬರ ಮಾತೂ ನಿಲ್ಲುತ್ತಿತ್ತು.

ಅವಳ ತಂಗಿ ಕಾಂಚನಾಗೆ ಫೋನು ಮಾಡಿದೆ. ಅಕ್ಕನ ಗುಟ್ಟೆಲ್ಲ ಅವಳ ಹತ್ತಿರವೇ. ಮೊದಲು ಹೇಳಲೊಲ್ಲೆ ಅಂದಳು, ಆಮೇಲೆ ಅತ್ತಳು. "ಅಕ್ಕನ ಅವಂಗ ಆಣಿ ಹಾಕಿಸಿದ್ಳು ಭಾವಾ. ಏನಂದ್ಳಂದ್ರ, ದೀಪ ಹತ್ತಿದ್ದು ಕಂಡ್ರ ಇವ್ರು ಗಾಡಿ ಮೂಲಿಗೆ ನಿಲ್ಲಸ್ತಾರ, ಬಾಡಿಗಿ ಗಾಡಿ ತರ್ತಾರ. ಬಾಡಿಗಿ ಗಾಡ್ಯಾಗ ನನಗ ಕುಂದರಾಕ ಆಗಂಗಿಲ್ಲ ಉಸ್ಮಾನಾ, ಇದ್ರ ಮುಂದಿನ ಸೀಟಿನ್ಯಾಗ ಅಷ್ಟ ಬೆನ್ನು ಹತ್ತತೈತಿ. ನೀ ನೋಡಿ ಅಪಾಯ ಇಲ್ಲಂದ್ರ ದೀಪ ಆರಸು, ಅವರಿಗೆ ಹೇಳಬ್ಯಾಡ. ಹಿಂಗಂದಿದ್ಳು."

ಅವಳು ನನ್ನನ್ನು ಸರಿಯಾಗಿಯೇ ತಿಳಿದಿದ್ದಳು. ಮೊದಲ ಸಲ ದೀಪ ಹತ್ತಿದಾಗ, ಪೂರ್ತಿ ನೋಡಿ ಮುಗಿಯುವವರೆಗೆ ಗಾಡಿ ಹದಿನೈದು ದಿನವಾದರೂ ಇಲ್ಲೇ ಇರಲಿ ಎಂದು ನಿನ್ನ ಗ್ಯಾರೇಜಿನಲ್ಲಿ ಹಟ ಹಿಡಿದವನು ನಾನೇ. ಹುಲಿಗೆಪ್ಪನಲ್ಲಿ ಚಹಾ ಕುಡಿದು ಬರುವುದರೊಳಗೆ ದೀಪ ಆರಿತ್ತು. "ಆತ್ರಿ, ಸಣ್ಣದಿತ್ತು" ಎಂದು ನೀನು ಅಂದೆ. ಅವಳು ಸೀಟಿನಲ್ಲಿ ಒರಗಿ ನಗುತ್ತಿದ್ದಳು. ಆ ದೀಪ ಮೂರು ನಾಲ್ಕು ಸಲ ಓಡಿದರೆ ಮತ್ತೆ ಹತ್ತುವಂಥದ್ದು, ಅದಕ್ಕೇ ನೀನು ವಾರ ವಾರ ಬರುತ್ತಿದ್ದೆ. ಹನ್ನೊಂದು ಭಾನುವಾರ.

ಕೊನೆಯ ಸೋಮವಾರ ಹೊಂಡ ಊರಿನ ಸೇತುವೆ ದಾಟುವಾಗ ಅವಳು "ಗಾಡಿ ಇವತ್ತ ಭಾಳ ಚಲೋ ಓಡಾಕತ್ತೈತಿ ನೋಡ್ರಿ" ಅಂದಳು. ನನ್ನ ಡ್ರೈವಿಂಗ್ ಹೊಗಳಿದಳು ಎಂದು ನಾನು ಬೀಗಿದೆ. ನೋವಿನಲ್ಲೂ ಅವಳ ತುಟಿಯ ಮೇಲೊಂದು ಕಳ್ಳನಗೆ ಇತ್ತು. ಈಗ ಅರ್ಥವಾಗುತ್ತಿದೆ, ಆ ನಗೆಯ ಅರ್ಧ ಪಾಲು ನಿನ್ನದು.

ಅಷ್ಟು ಜನರ ಮುಂದೆ ಕಳ್ಳ ಅನ್ನಿಸಿಕೊಂಡರೂ ನೀನು ಬಾಯಿ ಬಿಡಲಿಲ್ಲ. ಆಣೆ ಹಾಕಿಸಿದವಳು ಹೋದ ಮೇಲೂ. ಒಂದು ಮಾತು ಹೇಳಿದ್ದರೆ ನಾನು ಅಲ್ಲೇ ಕುಸಿದು ಕೂಡುತ್ತಿದ್ದೆ, ಅದನ್ನೂ ನೀನು ಎಣಿಸಿರಬೇಕು.

ಈಗ ಪರದೆಯ ಮೇಲೆ ಇರೇಸ್ ಕೋಡ್ಸ್ ಎಂದು ಕೇಳುತ್ತಿದೆ. ಯೆಸ್, ನೋ. ಯೆಸ್ ಒತ್ತಿದರೆ ದೀಪ ಆರುತ್ತದೆ, ಇನ್ನೂರ ತೊಂಬತ್ತೊಂದೂ ಸೊನ್ನೆಯಾಗುತ್ತದೆ. ಅದರಲ್ಲಿ ಮೊದಲಿನ ನಲವತ್ತಾರು ಮಾತ್ರ ಅವಳು ನನ್ನ ಪಕ್ಕದಲ್ಲಿದ್ದದ್ದು. ನಾನು ನೋ ಒತ್ತಿದೆ. ದಿನಾ ಸಂಜೆ ಬಂದು ಕೂತು ನೋ ಒತ್ತುತ್ತಿದ್ದೇನೆ. ಹೀಗೆ ಎಷ್ಟು ದಿನ, ಡಬ್ಬಿಯಂತೂ ಬದಲಿಸಬೇಕು. ಆದರೆ ಬೇರೆಯವರ ಕೈ ಇದಕ್ಕೆ ಹತ್ತಬಾರದು. ಸೊನ್ನೆ ಆಗುವುದಿದ್ದರೆ ನಿನ್ನ ಕೈಯಿಂದಲೇ ಆಗಲಿ.

ಅದಕ್ಕೆ ಮೊದಲು ನನ್ನ ಕೆಲಸವಿದೆ. ನಾಳೆ ಬೆಳಿಗ್ಗೆ ಹುಲಿಗೆಪ್ಪನಲ್ಲಿಗೆ ಬರುತ್ತೇನೆ, ಅದೇ ನಾಲ್ಕು ಜನ ಚಹಾಕ್ಕೆ ಕೂತ ಹೊತ್ತಿಗೆ. ಕಳ್ಳ ಅಂದ ಬಾಯಿಂದಲೇ, ಅಷ್ಟೇ ದೊಡ್ಡ ದನಿಯಲ್ಲಿ, ಇದನ್ನೆಲ್ಲ ಹೇಳುತ್ತೇನೆ. ಆ ಇಬ್ಬರು ಟ್ಯಾಕ್ಸಿಯವರ ಮನೆಗೂ ಹೋಗುತ್ತೇನೆ. ಅಲ್ಲಿ ನನ್ನ ಬಾಯಿ ಕಟ್ಟಿದರೆ ಈ ಕಾಗದವನ್ನು ನೀನೇ ಓದಿ ಹೇಳು. ಆಮೇಲೂ ನಿನಗೆ ಈ ಗಾಡಿ ಮುಟ್ಟಬೇಕು ಅನ್ನಿಸದಿದ್ದರೆ ನಾನು ಒತ್ತಾಯ ಮಾಡುವುದಿಲ್ಲ. ಅನ್ನಿಸಿದರೆ ಭಾನುವಾರ ಸಂಜೆ ಬಾ. ಗಾಳಿ ನೋಡಲು. ಚಹಾ ನಾನು ಮಾಡುತ್ತೇನೆ, ಸಕ್ಕರೆ ಎಷ್ಟು ಎಂಬುದು ಅವಳಿಗೆ ಗೊತ್ತಿತ್ತು, ನೀನು ಹೇಳಿಕೊಡಬೇಕು.

ಸಂಜೆಯ ಪಾವ್ ಬ್ರೆಡ್ಡಿನವನು ಸೈಕಲ್ಲಿನ ಹಾರ್ನ್ ಒತ್ತುತ್ತ ಹೋದ. ಕಾಗದದ ಗೆರೆಗಳು ಕಾಣಿಸುತ್ತಿಲ್ಲ, ಅಕ್ಷರ ಒಂದರ ಮೇಲೊಂದು ಬಿದ್ದಿರಬಹುದು, ಹೊರಗೆ ಬೆಳಕು ಹೋಗುತ್ತಿದೆ. ಗಾಡಿಯೊಳಗೆ ಆ ಹಳದಿ ದೀಪ ಮಾತ್ರ ಚೆನ್ನಾಗಿ ಕಾಣುತ್ತಿದೆ. ಇಲ್ಲಿಗೇ ನಿಲ್ಲಿಸುತ್ತೇನೆ.

ನಿನ್ನ ಕೈಗೆ, ನಿನ್ನ ಮನೆಗೆ ಒಳ್ಳೆಯದಾಗಲಿ.

ಭಾನುವಾರದ ದಾರಿ ಕಾಯುವ,
ಸೋಮಲಿಂಗಪ್ಪ