ಕೆರೆ ಬಲಕ್ಕಿರಲಿ ಎಂದವರಿಗೆ

ಕರಿಗುಂದಿ ಕೆರೆ, ಒಂಬತ್ತನೆಯ ಇಳಿಗಟ್ಟೆ
ಗಾಳಿತಿಂಗಳ ಆರನೇ ತಾರೀಖು, 2187

ಕರಿಗುಂದಿ ನೀರುದಾರಿ ಸಮಿತಿಯ ಹನ್ನೊಂದು ಜನಕ್ಕೆ,

ನನಗೆ ಕಾಗದ ಬರೆಯುವ ಚಟವಿಲ್ಲ. ಎಪ್ಪತ್ತೊಂದು ವರ್ಷದಲ್ಲಿ ಇದೇ ಮೊದಲು, ಇದೂ ಬಲವಂತಕ್ಕೆ. ದೋಣಿಯ ಹುಟ್ಟು ಹಿಡಿಯುವ ಕೈಗೆ ಲೇಖನಿ ಕೊಟ್ಟು ಶಾಲೆಯ ಮೇಷ್ಟ್ರು ಬೆಳಗ್ಗೆಯಿಂದ ಕೂರಿಸಿದ್ದಾರೆ. ಸೊಂಟ ಹಿಡಿದಿದೆ, ಬೆರಳೆಲ್ಲ ಮಸಿ. ಸತ್ತು ನೂರು ವರ್ಷವಾದವರಿಗೆ ಬರೆಯಬೇಕಂತೆ! ನಮ್ಮ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಬೇಕು ಎಂದು ಮೊದಲೇ ಕೇಳಿಕೊಳ್ಳಲು ಪದ್ಮಾಕರ ಮೇಷ್ಟ್ರು ಹೇಳಿದರು. ಕೇಳಿಕೊಂಡಿದ್ದೇನೆ. ಮನ್ನಿಸದಿದ್ದರೆ ಬಿಡಿ.

ಗಾಳಿತಿಂಗಳು ನಿಮ್ಮ ಪಂಚಾಂಗದಲ್ಲಿಲ್ಲ. ಆಷಾಢದ ಗಾಳಿ ಆಷಾಢಕ್ಕೆ ಮುಗಿಯದೆ ಮುಂದಿನದನ್ನೂ ನುಂಗತೊಡಗಿದಾಗ ನಮ್ಮಜ್ಜಿಯ ಕಾಲದವರು ಅದಕ್ಕೇ ಒಂದು ತಿಂಗಳು ಬಿಟ್ಟುಕೊಟ್ಟು ವರ್ಷಕ್ಕೆ ಹದಿಮೂರು ಮಾಡಿದರು. ಈ ಕಾಗದ ಬರುವುದು ಹಿಂದಂಚೆಯಲ್ಲಿ. ನಮ್ಮ ಶಾಲೆಯ ಮೂಲೆಯಲ್ಲಿ ಒಂದು ತಾಮ್ರದ ಪೆಟ್ಟಿಗೆ ಇದೆ. ಅದಕ್ಕೆ ಹಾಕಿದ್ದು ಹಿಂದಿನ ಕಾಲದವರ ಕೈಗೆ ಸಿಗುತ್ತದೆ, ಅಲ್ಲಿಂದ ಏನೂ ವಾಪಸು ಬರುವುದಿಲ್ಲ. ಹೇಗೆಂದು ಕೇಳಬೇಡಿ, ಮೇಷ್ಟ್ರಿಗೇ ಗೊತ್ತಿಲ್ಲ. ಒಂದು ಕಾಗದ ನೂರರವತ್ತು ವರ್ಷ ಹಿಂದಕ್ಕೆ ಹೋಗಬಹುದು, ನನ್ನ ಹರಿಗೋಲು ಅರ್ಧ ಗಂಟೆ ಹಿಂದಕ್ಕೆ ಹೋಗುವಂತಿಲ್ಲ. ಈ ಹೇಸಿಗೆಯ ಮೂಲ ನೀವು. ಅದಕ್ಕೇ ಬರೆಯುತ್ತಿರುವುದು.

ನೀವೀಗ ಏನು ಮಾಡುತ್ತಿದ್ದೀರಿ ಎಂದು ನನಗೆ ಗೊತ್ತು. ಕೆರೆ ಸುತ್ತ ಹತ್ತೊಂಬತ್ತು ಕಡೆ ಮೆಟ್ಟಿಲು ಕಟ್ಟಿಸಿ, ಬೋರ್ಡು ನೆಟ್ಟು, ಪೇಟೆಯವರು ರಜೆಯಲ್ಲಿ ಬಂದು ಹುಟ್ಟು ಹಾಕಿಕೊಂಡು ಒಂದು ಸುತ್ತು ಬರಲಿ ಎಂದು ದಾರಿ ಮಾಡುತ್ತಿದ್ದೀರಿ. ಮೋಜಿಗೆ. ಇರಲಿ, ಮೋಜು ತಪ್ಪಲ್ಲ. ಆಮೇಲೆ ಎರಡನೇ ಏರಿ ಕಟ್ಟಿದರು, ನೀರು ಮೇಲೆ ಬಂತು, ಊರುಗಳೂ ರಸ್ತೆಗಳೂ ಮುಳುಗಿದವು. ಜನ ಉಳಿದದ್ದು ನೀವು ಎತ್ತರದ ದಿಬ್ಬಗಳಿಂದ ಇಳಿಸಿ ಕಟ್ಟಿದ ಹತ್ತೊಂಬತ್ತು ಮೆಟ್ಟಿಲುಗಳ ತಲೆಯ ಮೇಲೆ. ಅವೇ ಈಗ ನಮ್ಮ ಊರುಗಳು, ಇಳಿಗಟ್ಟೆ ಎನ್ನುತ್ತೇವೆ. ಕಟ್ಟೆಗೂ ಕಟ್ಟೆಗೂ ನಡುವೆ ದಡದಲ್ಲಿ ಎಮ್ಮೆ ಇಳಿದರೆ ಕೊಂಬೂ ಕಾಣದಷ್ಟು ಹೂಳು. ಕೆರೆಯ ನಡುವೆ ಅಂತರಗಂಗೆ ಚಾಪೆ ಹಾಸಿದಂತೆ ಬೆಳೆದು, ಕೊಳೆತು, ಸತ್ತ ನಾಯಿಯ ಹಾಗೆ ನಾರುತ್ತದೆ. ಅಂಚಿನಲ್ಲಿ ನೀವು ಗುರುತು ಮಾಡಿದ ಆ ಒಂದು ದಾರಿಯಲ್ಲಿ ಮಾತ್ರ ದೋಣಿ ಹೋಗುತ್ತದೆ. ಉಪ್ಪು ಬರುವುದು, ಹೆಣ್ಣು ಕೊಡುವುದು, ಮೀನು ಮಾರುವುದು ಎಲ್ಲ ಅದರಲ್ಲೇ.

ಆ ದಾರಿಗೆ ನೀವು ಒಂದು ಬಾಣ ಬರೆಸಿದಿರಿ. "ಕೆರೆ ನಿಮ್ಮ ಬಲಕ್ಕಿರಲಿ." ಎಲ್ಲರೂ ಒಂದೇ ಕಡೆಗೆ, ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ. ಯಾಕೆ? ಅದನ್ನು ಎಲ್ಲೂ ಬರೆಯಲಿಲ್ಲ. ನಿಮ್ಮ ಸಭೆಯ ನಡಾವಳಿಯ ಒಂದು ಹಾಳೆ ನಮ್ಮ ಶಾಲೆಯಲ್ಲಿದೆ, ಮೇಷ್ಟ್ರು ಓದಿ ಹೇಳಿದರು: "ಸರ್ವರೂ ಒಂದೇ ದಿಕ್ಕಿನಲ್ಲಿ ಸಾಗತಕ್ಕದ್ದು." ಅಷ್ಟೇ. ದೋಣಿಗೆ ದೋಣಿ ಗುದ್ದದಿರಲಿ ಎಂದೋ, ಕ್ಯಾಂಟೀನು ಕೊನೆಗೆ ಸಿಗಲಿ ಎಂದೋ, ಅಧ್ಯಕ್ಷರು ಎಡಗೈಯವರೆಂದೋ, ಯಾರಿಗೆ ಗೊತ್ತು? ಕಾರಣ ಇಲ್ಲದ ಜಾಗದಲ್ಲಿ ನಮ್ಮವರು ದೇವರನ್ನು ಕೂರಿಸಿದರು. ಈಗ ಅದು ಪ್ರದಕ್ಷಿಣೆ. ಕೆರೆಯನ್ನು ಎಡಕ್ಕಿಟ್ಟು ಹಿಂದಕ್ಕೆ ಹೋಗುವುದಕ್ಕೆ ಎಡಕ್ಕೆ ತಿರುಗುವುದು ಎನ್ನುತ್ತೇವೆ, ಹಾಗೆ ತಿರುಗುವುದು ಹೆಣ ಮಾತ್ರ. ಬದುಕಿದ್ದವರು ತಿರುಗಿದರೆ ಕಟ್ಟೆಗೇ ಸೂತಕ.

ನಮ್ಮವರ ಮೇಲೂ ನನಗೆ ಅಷ್ಟೇ ಅಸಹ್ಯ, ಅದನ್ನು ಮುಚ್ಚಿಡುವುದಿಲ್ಲ. ನೀವು ಹನ್ನೊಂದು ಜನ ಕಿತ್ತಳೆ ಜಾಕೆಟ್ ತೊಟ್ಟು ತೆಗೆಸಿಕೊಂಡ ಫೋಟೋಕ್ಕೆ ಅಮಾವಾಸ್ಯೆಗೆ ಎಡೆ ಇಡುತ್ತಾರೆ. ಮದುಮಗ ಅಂಥದೇ ಕಿತ್ತಳೆ ಜಾಕೆಟ್ ಹೊಲಿಸಿಕೊಂಡು ತೊಡದೆ ತಾಳಿ ಕಟ್ಟುವಂತಿಲ್ಲ. ಬೆವರಿ ಬೆವರಿ ಆ ನಾತ ಬೀಗರೇ ತಡೆಯಬೇಕು. ಮೂರನೇ ಕಟ್ಟೆಯಲ್ಲಿ ಗಂಡು ಹೆಣ್ಣು ನಿಂತ ಚಿತ್ರದ ಬೋರ್ಡು ಇದೆ, ಮಕ್ಕಳಾಗದವರು ಅದಕ್ಕೆ ದಾರ ಕಟ್ಟುತ್ತಾರೆ. ಅದು ಕಕ್ಕಸಿನ ಬೋರ್ಡು! ಹಿಂದೆ ಎರಡು ಗುಂಡಿ ಇವೆ, ಕಣ್ಣಿದ್ದವರಿಗೆ ಕಾಣುತ್ತದೆ. ನಾನು ಹೇಳಿದ್ದಕ್ಕೆ ಆರು ತಿಂಗಳು ಯಾರೂ ನನ್ನ ಹತ್ತಿರ ಮೀನು ಕೊಳ್ಳಲಿಲ್ಲ.

ನಾನು ಓದಿದ್ದು ಎರಡನೇ ಇಯತ್ತೆ. ಆಗ ಶಾಲೆ ಇದ್ದದ್ದು ಎಂಟನೆಯ ಕಟ್ಟೆಯಲ್ಲಿ. ಅಲ್ಲಿಂದ ಸಂಜೆ ಮನೆಗೆ ಬರಲು ಅರ್ಧ ಗಂಟೆ. ಮರುದಿನ ಶಾಲೆಗೆ ಹೋಗಲು ದೂರ ದೂರದ ಕಟ್ಟೆಗಳನ್ನೆಲ್ಲ ದಾಟಿ, ಕೆರೆಯೆಲ್ಲ ಸುತ್ತಿ ಮೂರು ದಿನ. ನಮ್ಮಪ್ಪ ಎರಡು ವರ್ಷ ಸುತ್ತಿದ, ಆಮೇಲೆ "ಸಾಕು ಬಿಡವ್ವಾ, ನೀನು ಓದಾದ್ರಾಗೆ ನನ್ನ ತೋಳು ಬಿದ್ದೋಗ್ತಾವೆ" ಅಂದ. ಅವನನ್ನು ನಾನು ಬೈಯುವುದಿಲ್ಲ.

ಈಗ ಆ ಎಂಟನೆಯ ಕಟ್ಟೆಯಲ್ಲಿ ನನ್ನ ತಂಗಿ ಹಾಲಮ್ಮ, ನನ್ನ ಬಾಯಲ್ಲಿ ಹಾಲಿ, ಮಲಗಿದ್ದಾಳೆ. ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಗಂಡ ಇಲ್ಲ, ಮಕ್ಕಳಿಲ್ಲ. ಅವಳನ್ನೇ ಇಲ್ಲಿಗೆ ತರಬಹುದಲ್ಲ ಎನ್ನಬೇಡಿ. ಹಾಸಿಗೆಯಿಂದ ಎತ್ತಿದರೆ ಉಸಿರು ನಿಲ್ಲುತ್ತದೆ ಎಂದು ನಾಟಿ ವೈದ್ಯ ಹೇಳಿದ್ದಾನೆ. ಈ ತಿಂಗಳು ದಾಟುವುದೂ ಕಷ್ಟವಂತೆ. ಸುತ್ತಿಕೊಂಡು ಹೋಗು ಎನ್ನಬೇಡಿ. ಹದಿನಾಲ್ಕರಿಂದ ಹದಿನೇಳರವರೆಗೆ ಎದುರುಗಾಳಿ, ಅಲೆ ಆಳೆತ್ತರ, ಇನ್ನು ಒಂದೂವರೆ ತಿಂಗಳು ಅಲ್ಲಿ ದೋಣಿ ಇಳಿಯುವುದಿಲ್ಲ. ಅವಳ ಒಲೆಯ ಹೊಗೆ ನನ್ನ ಬಾಗಿಲಿಗೆ ಕಾಣುತ್ತದೆ. ಅಲ್ಲಿಂದ ಬರುವ ದೋಣಿಯವರು ದಿನವೂ ಸುದ್ದಿ ಹೇಳುತ್ತಾರೆ: ಇವತ್ತು ಗಂಜಿ ಕುಡಿದಳು, ಇವತ್ತು ಕುಡಿಯಲಿಲ್ಲ, ಬೆನ್ನಿಗೆ ಹುಣ್ಣಾಗಿದೆ, ನಿನ್ನನ್ನು ಕೇಳುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕಳಿಸಲು ಹಿಂದಕ್ಕೆ ಹೋಗುವ ದೋಣಿ ಒಂದೂ ಇಲ್ಲ.

ಹೋದ ಸೋಮವಾರ ನಾನು ಹರಿಗೋಲು ಎಡಕ್ಕೆ ತಿರುಗಿಸಿದೆ. ಹಾಡಹಗಲಲ್ಲಿ, ಎಲ್ಲರೂ ನೋಡುವಂತೆ. ಎಲೆ ಅಡಿಕೆ ಜಗಿದು ಉಗಿಯುವುದರೊಳಗೆ ಎಂಟನೆಯ ಕಟ್ಟೆ ಬಂತು. ಅಲ್ಲಿಯ ಹೆಂಗಸರು ನನ್ನನ್ನು ಕಂಡು ಎದೆ ಬಡಿದುಕೊಂಡು ಅತ್ತರು, ಯಾವುದೋ ಹೆಣ ಬಂತು ಎಂದು. ಒಳಗೆ ಹೋದರೆ ಹಾಲಿ ಕಣ್ಣು ಬಿಟ್ಟು, "ಅಕ್ಕಾ, ನನ್ನ ಒಯ್ಯಾಕೆ ಬಂದ್ಯೇನೇ? ಇನ್ನೂ ಉಸ್ರೈತಲ್ಲೇ" ಅಂದಳು. "ಬಾಯಿ ಮುಚ್ಚೇ, ಮೈ ತೊಳ್ಯಾಕೆ ಬಂದೀನಿ" ಅಂದೆ. "ಹಂಗಾರೆ ನೀರು ಬಿಸಿ ಇರ್ಲಿ. ಇವ್ರು ತಣ್ಣೀರು ಹುಯ್ತಾರೆ, ಮುಂಡೇವು" ಅಂದಳು. ಬಿಸಿನೀರು ಕಾಯಿಸಿ ತೊಳೆದೆ. ಆ ಹುಣ್ಣಿನ ಬಗ್ಗೆ ಬರೆಯುವುದಿಲ್ಲ. ಅಷ್ಟರಲ್ಲಿ ಆ ಕಟ್ಟೆಯವರು ಬಂದು, ಸೂತಕ ತಂದವಳು ಎಂದು ನನ್ನ ರಟ್ಟೆ ಹಿಡಿದು ದೋಣಿಗೆ ಹತ್ತಿಸಿ ಅಟ್ಟಿದರು. ಒಂದು ಕಾಲಿಗೆ ಎಣ್ಣೆ ಹಚ್ಚಿದ್ದೆ, ಇನ್ನೊಂದು ಉಳಿಯಿತು.

ಇಲ್ಲಿ ನಮ್ಮ ಕಟ್ಟೆಮನೆ, ಎಂದರೆ ನ್ಯಾಯ ಹೇಳುವ ಪಂಚಾಯ್ತಿ, ನನ್ನ ಹುಟ್ಟು ಕಿತ್ತುಕೊಂಡಿತು. ಬೇರೆಯವರು ಕೊಡುವಂತಿಲ್ಲ. ಯಜಮಾನ ಮೈಲಾರಪ್ಪ ನನ್ನ ಕೈಯಲ್ಲೇ ಈಜು ಕಲಿತವನು, ಮೀಸೆ ಸವರಿಕೊಂಡು ಹೇಳಿದ: "ಕಟ್ಳೆ ಮಾಡಿದ್ದು ನಾನೇನವ್ವಾ? ಆ ಹನ್ನೊಂದು ಜನ. ಅವ್ರು ಬಿಡು ಅಂದ್ರೆ ಬಿಡ್ತೀನಿ, ಹೋಗಿ ಕೇಳ್ಕಂಡ್ ಬಾ." ಕಟ್ಟೆಯೆಲ್ಲ ನಕ್ಕಿತು. ನಾನು, "ಕೇಳ್ಕಂಡೇ ಬರ್ತೀನಿ ಕಣೋ, ಆಡಿದ ಮಾತು ಎಲ್ಲರ ಮುಂದೆ ಇನ್ನೊಂದ್ಸಲ ಹೇಳು" ಅಂದೆ. ಹೇಳಿದ. ಇಪ್ಪತ್ತನೇ ತಾರೀಖು ಕಟ್ಟೆಮನೆ ಮತ್ತೆ ಸೇರುತ್ತದೆ. ಅವತ್ತು ನಿಮ್ಮ ಮಾತು ತೋರಿಸದಿದ್ದರೆ ಹುಟ್ಟನ್ನು ನಿಮ್ಮ ಬಾಣದ ಬೋರ್ಡಿನ ಮುಂದೆ ಸುಡುತ್ತಾರೆ.

ಕಟ್ಟಳೆಯನ್ನೇ ಮಾಡಬೇಡಿ ಎಂದು ಕೇಳುತ್ತಿಲ್ಲ. ಕುರ್ಚಿ ಹಾಕಿ ಸಭೆ ಕೂತವರು ಏನಾದರೊಂದು ಕಟ್ಟಳೆ ಮಾಡದೆ ಏಳುವುದಿಲ್ಲ, ಅದು ನನಗೂ ಗೊತ್ತು. ಆದರೆ ಮಾಡಿದ್ದಕ್ಕೆ ಕಾರಣ ಪಕ್ಕದಲ್ಲೇ ಬರೆಯಿರಿ. ನಾಚಿಕೆಗೇಡಿನ ಕಾರಣವಾದರೂ ಬರೆಯಿರಿ. ಬರೀ ಬಾಣ ಬಿಟ್ಟು ಹೋದರೆ ಅದು ಯಾರ ಬೆನ್ನಿಗೆ ನಾಟುತ್ತದೆ ಎಂದು ನೀವು ನೋಡಲು ಇರುವುದಿಲ್ಲ.

ನಮ್ಮ ಒಂಬತ್ತನೆಯ ಕಟ್ಟೆಯ ಪಕ್ಕದಲ್ಲಿ ಎರಡಾಳೆತ್ತರದ ಕರಿಬಂಡೆ ಇದೆ, ನಿಮ್ಮ ಕಾಲದಲ್ಲೂ ಇದೆ. ಅದರ ತೆಂಕಣ ಮುಖ ನೀರಿಗೆ ಸಿಗುವುದಿಲ್ಲ. ಅಲ್ಲಿ, ಒಂದೇ ಕಡೆ ಹೋಗಬೇಕು ಎಂದು ಯಾಕೆ ಮಾಡಿದಿರಿ, ಅವಶ್ಯ ಬಿದ್ದವರು ಎಡಕ್ಕೂ ಹೋಗಬಹುದೋ ಇಲ್ಲವೋ, ಎರಡನ್ನೂ ಕೆತ್ತಿಸಿ. ಬಣ್ಣ ಬಳಿಯಬೇಡಿ, ಉಳಿಯಲ್ಲಿ ಕೆತ್ತಿಸಿ. ಹನ್ನೊಂದು ಹೆಸರೂ ಇರಲಿ. ಅಕ್ಷರ ದಪ್ಪವಿರಲಿ, ನಾನೇ ಓದಬೇಕು. ಇವತ್ತು ಬೆಳಗ್ಗೆ ನೋಡಿದೆ, ಬಂಡೆ ಬೋಳಾಗಿದೆ. ನಾಳೆಯೂ ನೋಡುತ್ತೇನೆ.

ಗಾಳಿತಿಂಗಳ ಇಪ್ಪತ್ತನೇ ತಾರೀಖು ಹೊತ್ತು ಹುಟ್ಟುವುದರೊಳಗೆ ಉತ್ತರ ಬೇಕು.

ಗುತ್ಯಮ್ಮ