ಮೂರು ಗಂಟೆಯ ದನಿ

ಮಾರ್ಚ್ ೧೪, ಗುರುವಾರ

ತಲೆ ಕೆಟ್ಟು ಹೋಗಿದೆ. ಬರೆದರಾದರೂ ತಿಳಿಯಾದೀತೇನೋ.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವರ ಕೋಣೆಗೆ ಕ್ಯಾಮೆರಾ ಹಾಕಿಸಿದ್ದು ನಾನೇ. ಫೋನಿನಿಂದಲೇ ಅದರ ಮೂಲಕ ಮಾತಾಡಲೂಬಹುದಂತೆ, ಆದರೆ ನಾನು ಊಟದ ಬಿಡುವಿನಲ್ಲಿ ಒಮ್ಮೆ ನೋಡುತ್ತೇನೆ, ಅಷ್ಟೇ.

ಇವತ್ತು ಸಂಜೆ ಕಾಲು ಒತ್ತುತ್ತಿದ್ದಾಗ ಅತ್ತೆ ಅಂದರು, "ಮನೇಲಿದ್ರೆ ನಿಂಗೆ ಮಾತೇ ಹೊರಡಲ್ಲ. ಆ ಕ್ಯಾಮೆರಾದೊಳಗಿಂದ ಮಾತ್ರ ದಿನಾ ಮೂರು ಗಂಟೆಗೆ ಎಷ್ಟು ಅಕ್ಕರೆಯಿಂದ ಮಾತಾಡಿಸ್ತೀಯಲ್ಲೇ!"

ನಾನು ಒಂದು ದಿನವೂ ಅದರಲ್ಲಿ ಮಾತಾಡಿಲ್ಲ. ಮೂರು ಗಂಟೆಗೆ ನಾನು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿರುತ್ತೇನೆ, ಫೋನು ಲಾಕರಿನಲ್ಲಿರುತ್ತದೆ.

"ದನಿ ನಂದೇನಾ ಅತ್ತೆ?"

"ಸ್ವಲ್ಪ ಗೊಗ್ಗರು. ನೆಗಡಿ ಅಂದ್ಯಲ್ಲ."

ಇವರಿಗೆ ಹೇಳಿದರೆ, "ಅಮ್ಮಂಗೆ ಅರಳುಮರಳು" ಅಂತ ನಕ್ಕರು. ಇರಬಹುದು. ಆದರೆ ಪಾಸ್‌ವರ್ಡ್ ಇನ್ನೂ ಕ್ಯಾಮೆರಾ ಕೂರಿಸಿದವನು ಇಟ್ಟದ್ದೇ, ಒಂದರಿಂದ ಆರರವರೆಗಿನ ಅಂಕಿ. "ಆಮೇಲೆ ಬದಲಾಯಿಸ್ಕೊಳ್ಳಿ ಅಕ್ಕ" ಅಂದಿದ್ದ. ಮರೆತೇಬಿಟ್ಟಿದ್ದೆ.

ಭಯವೋ ನಾಚಿಕೆಯೋ ಗೊತ್ತಾಗುತ್ತಿಲ್ಲ. ಯಾರೋ ಏನೋ, ಅತ್ತೆಯನ್ನು ನನಗಿಂತ ಚೆನ್ನಾಗಿ ಮಾತಾಡಿಸಿದ್ದಾರೆ. ಇದಕ್ಕೂ ಹೊಟ್ಟೆಕಿಚ್ಚು ಪಡುತ್ತಿದ್ದೇನಾ? ಥೂ.

ಹೋಗಿ ವೈರು ಕಿತ್ತೆ. ಅತ್ತೆ ಮುಖ ಊದಿಸಿಕೊಂಡರು. "ಇನ್ನೊಂದು ಬೀಗದ ಕೈ ಎಲ್ಲಿದೆ ಅಂತ ನಿನ್ನೆ ನೀನೇ ಕೇಳಿದ್ಯಲ್ಲ. ಹೇಳಿದ್ಮೇಲೆ ಈಗ ಮಾತೇ ಬಿಟ್ಯಾ?"

ಬಾಗಿಲಾಚೆ ಹೂಕುಂಡಗಳ ಕೆಳಗೆ ಕೈಹಾಕಿ ನೋಡಿದೆ. ಬೀಗದ ಕೈ ಇದೆ. ಆದರೆ ಎಡಗಡೆಯ ಕುಂಡದ ಕೆಳಗಿದೆ. ನಾನು ಯಾವಾಗಲೂ ಇಡುತ್ತಿದ್ದದ್ದು ಬಲಗಡೆ.

ಬಲಗಡೆಯೇ ಅಲ್ಲವಾ?