ಟೂಲ್‌ಬಾಕ್ಸಿನಲ್ಲಿದ್ದ ಕ್ಲಿಪ್ಪು

ರೀ,

ನಿಮ್ಮನ್ನು ಎಬ್ಬಿಸಲಿಲ್ಲ. ಮಗಳು ಶಾಲೆಯಿಂದ ಮೂರಕ್ಕೆ ಬರುತ್ತಾಳೆ, ನಾಲ್ಕಕ್ಕೆ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎಕ್ಸ್‌ರೇ ಫ್ರಿಜ್ಜಿನ ಮೇಲಿದೆ.

ಯಾವ ಕ್ಲಿಪ್ಪು ಎಂದು ಇವತ್ತು ಹೇಳಲೇಬೇಕು. ಕೆಳದವಡೆಯನ್ನು ಮುಂದಕ್ಕೆ ತರುವುದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಅಂದಿದ್ದಾರೆ ಡಾಕ್ಟರು. ತೆಗೆದು ಹಾಕುವಂಥದ್ದಾದರೆ ಹಲ್ಲುಜ್ಜುವುದಕ್ಕೆ ಸಲೀಸು, ಆದರೆ ದಿನವಿಡೀ ತಾನೇ ನೆನಪಿಟ್ಟು ಹಾಕಿಕೊಂಡಿರಬೇಕು. ಅಂಟಿಸುವಂಥದ್ದಾದರೆ ಮರೆಯುವ ಪ್ರಶ್ನೆಯೇ ಇಲ್ಲ, ಆದರೆ ಗಟ್ಟಿ ತಿಂಡಿ ಬಂದ್, ಮುರಿದರೆ ಮತ್ತೆ ಓಡಬೇಕು.

"ಅಂಟಿಸಿಬಿಡ್ಲಿ, ಇವಳು ಕಳೆದು ಹಾಕ್ತಾಳೆ, ನಾನೂ ಕಳ್ಕೊಂಡಿದ್ದೆ" ಎಂದು ನಿನ್ನೆ ಅವಳೆದುರಿಗೇ ಅಂದಿರಿ. ನನಗೆ ಮೈಯೆಲ್ಲ ಉರಿಯಿತು. ಅವಳು ಇದುವರೆಗೆ ಒಂದು ರಬ್ಬರನ್ನೂ ಕಳೆದವಳಲ್ಲ.

ಬೆಳಿಗ್ಗೆ ಸ್ಕ್ರೂಡ್ರೈವರ್ ಹುಡುಕುತ್ತಾ ನಿಮ್ಮ ಟೂಲ್‌ಬಾಕ್ಸ್ ತೆಗೆದಳು. ಮೊಳೆ ಡಬ್ಬಿಯ ತಳದಲ್ಲಿ, ಕರ್ಚೀಫಿನಲ್ಲಿ ಸುತ್ತಿದ ನಿಮ್ಮ ಹಳೇ ಕ್ಲಿಪ್ಪು ಸಿಕ್ಕಿತು.

"ಅಮ್ಮಾ, ಅಪ್ಪ ಕಳ್ಕೊಂಡಿಲ್ಲ, ಬಚ್ಚಿಟ್ಟಿದ್ದಾರೆ. ಯಾಕೆ?" ಅಂದಳು. ನನಗೂ ನೀವು ಕಳೆದುಹೋಯಿತು ಅಂತಲೇ ಹೇಳಿದ್ದು. ಅಪ್ಪನನ್ನೇ ಕೇಳು ಅಂದೆ. ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು, "ಅದು ಹಾಕ್ಕೊಂಡು ಮಾತಾಡಿದ್ರೆ ಕ್ಲಾಸಲ್ಲಿ ನಗ್ತಾರಾ?"

ಅದಕ್ಕೆ ಉತ್ತರ ನಮ್ಮ ಮನೆಯಲ್ಲಿ ನಿಮಗೊಬ್ಬರಿಗೇ ಗೊತ್ತು. ದಾರಿಯಲ್ಲಿ ಹೋಗುವಾಗ ಇದ್ದದ್ದು ಇದ್ದ ಹಾಗೆ ಹೇಳಿ. ಆಮೇಲೆ ಯಾವುದು ಬೇಕೆಂದು ಅವಳನ್ನೇ ಕೇಳಿ. ಅವಳು ಯಾವುದು ಅಂದರೂ ನನಗೆ ಸರಿ.

ನಿಮ್ಮ ಕ್ಲಿಪ್ಪನ್ನು ಈ ಚೀಟಿಯ ಮೇಲೇ ಇಟ್ಟಿದ್ದೇನೆ. ಈ ಸಲ ಕಳೆಯಬೇಡಿ.